ಪೇಪರಿನ ಮರೆಯಲ್ಲಿ

ಕ್ಯಾಮರಾ ಇರುವ ಮೊಬೈಲು ಯಲ್ಲಾಪುರಕ್ಕೆ ಬಂದ ಮೇಲೆ ರಾಜೀವಿಗೆ ತನ್ನ ಕೆಲಸವೇ ಹೇಸಿಗೆಯಾಗತೊಡಗಿತು. ಸಂಘವೊಂದು ನಡೆಸುತ್ತಿದ್ದ ಸಾರ್ವಜನಿಕ ವಾಚನಾಲಯವನ್ನು ನೋಡಿಕೊಳ್ಳುವವಳು ಅವಳು. ಪೇಪರಿಗಾಗಿ ಜಗಳಾಡುತ್ತಿದ್ದ ಗಂಡಸರು ಈಗ ಅದನ್ನೇ ಮರೆಗೆ ಹಿಡಿದು, ತಲೆಗೆ ತಲೆ ತಾಗಿಸಿ, ಸಣ್ಣ ಪರದೆಯಲ್ಲಿ ಏನೇನೋ ನೋಡಿ ಹಲ್ಲು ಕಿಸಿಯುತ್ತಿದ್ದರು. ಅವಳು ಹತ್ತಿರ ಹೋದರೆ ಪುಟ ಮಗುಚುವ ಸದ್ದು.

ರಘುಪತಿ ಮಾಸ್ತರರು ಆ ಗುಂಪಿಗೆ ಸೇರಿದವರಲ್ಲ. ನಿವೃತ್ತರು, ಊರಿನ ಸಭೆಗಳಲ್ಲಿ ಸಂಸ್ಕಾರದ ಬಗ್ಗೆ ಮಾತಾಡುವವರು. ಒಬ್ಬರೇ ಮೂಲೆಯಲ್ಲಿ ಕೂರುತ್ತಿದ್ದರು.

ಒಂದು ಮಧ್ಯಾಹ್ನ, ಪರೀಕ್ಷೆಗೆ ಓದಲು ಬರುತ್ತಿದ್ದ ದಿವ್ಯಾ ಕೆಳಗಿನ ಕಪಾಟಿನಿಂದ ಪುಸ್ತಕ ತೆಗೆಯಲು ಬಗ್ಗಿದಳು. ಹಳೆಯ ಪೇಪರಿನ ಕಟ್ಟು ಹಿಡಿದು ಮಾಸ್ತರರ ಹಿಂದೆ ಹಾಯುತ್ತಿದ್ದ ರಾಜೀವಿಗೆ ಅವರ ತೊಡೆಯ ಮೇಲಿನ ಮೊಬೈಲಿನಲ್ಲಿ ದಿವ್ಯಾಳ ಬೆನ್ನು ಕಂಡಿತು. ಮಾಸ್ತರರು ಗುಂಡಿ ಒತ್ತಿದರು. ರಾಜೀವಿ ಪೇಪರಿನ ಕಟ್ಟನ್ನು ಮೇಜಿನ ಮೇಲೆ ಕುಕ್ಕಿದಳು.

"ಎಂತ ತೆಗೀತಾ ಇದ್ರಿ?"

"ಪೇಪರಿಂದು, ತಂಗಿ. ಒಂದು ಲೇಖನ ಚೊಲೋ ಇತ್ತು."

ಅವಳು ಮೊಬೈಲು ಕಸಿದು ದಿವ್ಯಾಳ ಕೈಗೆ ಕೊಟ್ಟಳು. ದಿವ್ಯಾ ಒಂದೊಂದೇ ಫೋಟೋ ನೋಡುತ್ತ ಹೋದಳು. ಬಸ್‌ಸ್ಟ್ಯಾಂಡಿನಲ್ಲಿ ನಿಂತ ಶಾಲೆ ಹುಡುಗಿಯರು, ಬಟ್ಟೆ ಒಣಹಾಕುತ್ತಿದ್ದ ಯಾರದೋ ಮನೆಯ ಹೆಂಗಸು. ಆಮೇಲೆ ಅವಳ ಬೆರಳು ನಿಂತಿತು.

"ರಾಜೀವಕ್ಕ, ಇದು ನೀವು."

ಸ್ಟೂಲು ಹತ್ತಿ ಮೇಲಿನ ಕಪಾಟು ಒರೆಸುತ್ತಿದ್ದಾಗ ಕೆಳಗಿನಿಂದ ತೆಗೆದದ್ದು. ರಾಜೀವಿ ಸೆರಗನ್ನು ಮೈತುಂಬ ಎಳೆದುಕೊಂಡಳು.

ಅಷ್ಟರಲ್ಲಿ ಉಳಿದವರೆಲ್ಲ ಸುತ್ತ ನೆರೆದಿದ್ದರು. "ಹೋಗ್ಲಿ ಬಿಡಿ ಮೇಡಂ, ಹಿರಿಯರು. ಅಳಿಸಿಬಿಟ್ರೆ ಆತಲ," ಎಂದ ಒಬ್ಬ. ಹಾಗೆನ್ನುತ್ತಲೇ ಕುತ್ತಿಗೆ ಚಾಚಿ ಪರದೆಯತ್ತ ಇಣುಕಿದ.

"ಥೂ! ಎಲ್ಲ ಎದ್ದು ಹೊರಗೆ ನಡೀರಿ," ಎಂದಳು ರಾಜೀವಿ.

ಬೀಗ ಹಾಕಿ ಇಬ್ಬರೂ ಆ ಮೊಬೈಲು ಹಿಡಿದು ಪೊಲೀಸ್ ಸ್ಟೇಷನ್ನಿಗೆ ಹೋಗಿ ದೂರು ಕೊಟ್ಟರು. ಸಂಜೆಯೇ ಸಂಘದ ಅಧ್ಯಕ್ಷರು ರಾಜೀವಿಯ ಮನೆಗೆ ಬಂದರು.

"ಮಾಸ್ತರರ ಮರ್ಯಾದೆ ಹೋತು. ದೂರು ವಾಪಸ್ ತಗಳಿ."

"ನಮ್ಮದು ಹೋಗಿದ್ದು ನಿಮಗೆ ಕಾಣ್ಲಿಲ್ವಾ?"

ಕೊಟ್ಟ ಚಹಾ ಮುಟ್ಟದೆ ಅಧ್ಯಕ್ಷರು ಎದ್ದು ಹೋದರು. ದೂರು ಹಾಗೇ ಉಳಿಯಿತು. ಮಾಸ್ತರರು ಮತ್ತೆ ವಾಚನಾಲಯದ ಕಡೆ ತಲೆಹಾಕಲಿಲ್ಲ.

ಒಳಗೆ ಮೊಬೈಲು ತರಬಾರದೆಂದು ರಾಜೀವಿ ಬಾಗಿಲಲ್ಲೇ ಬರೆದು ಹಾಕಿದಳು. ಆ ವಾರ ಅರ್ಧಕ್ಕರ್ಧ ಕುರ್ಚಿ ಖಾಲಿ. ದಿನಾ ಬೆಳಿಗ್ಗೆ ಸೋಪಿನ ನೀರಲ್ಲಿ ಮೇಜು ಉಜ್ಜಿದರೂ ಅವಳ ಅಸಹ್ಯ ಹೋಗಲಿಲ್ಲ.

ದಿವ್ಯಾ ಬರುವುದು ಬಿಡಲಿಲ್ಲ. ಆದರೆ ಈಗ ಗೋಡೆಗೆ ಬೆನ್ನು ತಾಗಿಸಿಯೇ ಕೂರುತ್ತಿದ್ದಳು. ಕೆಳಗಿನ ಕಪಾಟಿನ ಪುಸ್ತಕ ಬೇಕಾದಾಗ ಕಣ್ಸನ್ನೆಯಲ್ಲಿ ರಾಜೀವಿಯನ್ನು ಕರೆಯುತ್ತಿದ್ದಳು.