ಯಾವುದಕ್ಕೂ ಸೇರದ ತಿರುಪು

ಚಳ್ಳಕೆರೆಯ ಬಾಬು ಸಾಬರು ಮಷಿನ್ನನ್ನು ಕಣ್ಣಿಂದಲ್ಲ, ಕಿವಿಯಿಂದ ನೋಡುತ್ತಾರೆ ಎಂದು ಮರ ಕಡಿಯುವವರಲ್ಲಿ ಒಂದು ಮಾತಿತ್ತು. ಬಳ್ಳಾರಿ ರಸ್ತೆಯಲ್ಲಿ ಎಣ್ಣೆ ಮಿಲ್ಲುಗಳ ಸಾಲು ಮುಗಿಯುವಲ್ಲಿ ಅವರ ರಿಪೇರಿ ಅಂಗಡಿ. ಮರ ಕೊಯ್ಯುವ ಮಷಿನ್ನಿನ ಕಾರ್ಬೊರೇಟರಿನಲ್ಲಿ ಗಾಳಿಗೂ ಪೆಟ್ರೋಲಿಗೂ ಹದ ಕೂಡಿಸುವ ಪುಟ್ಟ ತಿರುಪುಗಳಿರುತ್ತವೆ. ಬಿಸಿಲೇರಿದರೆ ಒಂದು ಹದ, ಮೋಡ ಕವಿದರೆ ಇನ್ನೊಂದು. ಬಳ್ಳಾರಿ ಜಾಲಿಗೆ ಬೇರೆ, ಬೇವಿಗೆ ಬೇರೆ ಎಂದು ಬಾಬು ಸಾಬರು ನಂಬಿದ್ದರು; ಗಿರಾಕಿಗಳು ಅವರಿಗಿಂತ ಹೆಚ್ಚಾಗಿ ನಂಬಿದ್ದರು. ಮಷಿನ್ನು ಚಾಲೂ ಮಾಡಿ, ಕಣ್ಣು ಮುಚ್ಚಿ, ತಿರುಪುಳಿಯನ್ನು ಕೂದಲೆಳೆಯಷ್ಟು ಆಡಿಸುವರು. ಅಲ್ಲಿಯವರೆಗೆ ಕಿರುಚುತ್ತಿದ್ದದ್ದು ಹೊಟ್ಟೆ ತುಂಬಿದ ಎಮ್ಮೆಯ ಹಾಗೆ ಗುಟುರು ಹಾಕತೊಡಗುವುದು. ಆಗ ಕಣ್ಣು ತೆರೆದು, "ಹೋಗಪ್ಪ, ಇನ್ನು ಕೊಯ್ಕೋ" ಅನ್ನುವರು.

ಇಂಥ ಅಂಗಡಿಗೆ ಹೊಸ ಮಾದರಿಯ ಮಷಿನ್ನುಗಳ ಏಜೆನ್ಸಿ ತಂದವನು ಬೇರೆ ಯಾರೂ ಅಲ್ಲ, ಸ್ವಂತ ಮಗ ಅಫ್ಸರ್. ಮೊದಲ ಪೆಟ್ಟಿಗೆ ಬಿಚ್ಚಿದ ದಿನ ಬಾಬು ಸಾಬರು ಮಷಿನ್ನನ್ನು ಅಂಗಾತ ಮಲಗಿಸಿ ನೋಡಿದರು, ಮಗ್ಗುಲಾಗಿಸಿ ನೋಡಿದರು. ಮುಚ್ಚಳ ತೆಗೆದು ಟಾರ್ಚು ಬಿಟ್ಟು ನೋಡಿದರು.

"ತಿರುಪು ಎಲ್ಲೈತೆ ಬೇಟಾ?"

"ಇದಕ್ಕೆ ತಿರುಪು ಇಲ್ಲ ಅಬ್ಬಾ. ತನಗೆ ತಾನೇ ಟ್ಯೂನ್ ಆಗ್ತೈತೆ. ಒಳಗೆ ಉಗುರಿನಷ್ಟು ಕಂಪ್ಯೂಟರ್ ಐತೆ. ನಾಕಾರು ಸಲ ಮರಕ್ಕೆ ಹಿಡಿದ್ರೆ ಹದ ಯಾವುದು ಅಂತ ಅದೇ ಕಲಿತುಕೊಳ್ತೈತೆ."

ಬಾಬು ಸಾಬರು ಟಾರ್ಚು ಆರಿಸಿದರು. "ತಪ್ಪಾಗಿ ಕಲಿತರೆ?"

"ಕಲಿಯಲ್ಲ."

"ಯಾರು ಹೇಳಿದ್ದು?"

"ಕಂಪನಿಯೋರು."

"ಅದು ಕಲಿಯೋ ಹೊತ್ತಿಗೆ ಅವರು ಬಂದು ಪಕ್ಕದಾಗೆ ನಿಲ್ತಾರಾ?"

ಆಮೇಲಿನ ದಿನಗಳಲ್ಲಿ ಹಳೆಯ ಮಷಿನ್ನುಗಳು ಒಂದೊಂದಾಗಿ ಮೂಲೆ ಸೇರಿದವು, ಬಾಬು ಸಾಬರಿಗೆ ಕೆಲಸವಿಲ್ಲದಾಯಿತು. ಕಿವಿ ಮಾತ್ರ ಸುಮ್ಮನಿರಲಿಲ್ಲ. ಒಂದು ಬೆಳಿಗ್ಗೆ ಹೆಂಡತಿ ಕುಲ್ಸುಮ್ ಬೀ ಮಿಕ್ಸಿಯಲ್ಲಿ ಚಟ್ನಿ ರುಬ್ಬುತ್ತಿದ್ದಾಗ ಅಡುಗೆಮನೆ ಬಾಗಿಲಲ್ಲಿ ನಿಂತು, "ಇದಕ್ಕೆ ಪೆಟ್ರೋಲು ಸಾಲ್ತಿಲ್ಲ" ಅಂದರು. "ಇದು ಕರೆಂಟಿನದು" ಅಂದರು ಕುಲ್ಸುಮ್ ಬೀ, ಕೈ ನಿಲ್ಲಿಸದೆ.

ಹೊಸ ಮಷಿನ್ನು ಮೊದಲು ಕೊಂಡವನು ಬಿ.ಜಿ. ಕೆರೆಯ ಕ್ಯಾತಪ್ಪ. ಹೊಲಗಳಲ್ಲಿ ಬೆಳೆದ ಜಾಲಿ ಕಡಿಯುವುದು ಅವನ ಕಸುಬು. ಅವನು ಕೊಯ್ಯುವಾಗ ಮರ ಬೀಳಬೇಕಾದ ಕಡೆಗೆ ಹಗ್ಗ ಹಿಡಿದು ಎಳೆಯುವವನು ಅವನ ಭಾವಮೈದ ತಿಪ್ಪಯ್ಯ. ಅಫ್ಸರ್ ಹೇಳಿದ್ದನ್ನೆಲ್ಲ ಕ್ಯಾತಪ್ಪ ಭಕ್ತಿಯಿಂದ ಕೇಳಿಸಿಕೊಂಡ. ಮಾತು ಮುಗಿದ ಮೇಲೆ ಮಷಿನ್ನನ್ನು ಎತ್ತಿಕೊಂಡು ಹೋಗಿ ಬಾಬು ಸಾಬರ ಮುಂದಿಟ್ಟು, "ಸಾಬ್ರೇ, ಇನ್ನು ಟ್ಯೂನ್ ಮಾಡ್ಕೊಡ್ರಿ, ಬಸ್ಸಿನ ಹೊತ್ತಾತು" ಅಂದ. ಅಫ್ಸರ್ ಮತ್ತೊಮ್ಮೆ ವಿವರಿಸಿದ. "ಹೌದಪ್ಪ, ಗೊತ್ತಾತು" ಎಂದು ಕ್ಯಾತಪ್ಪ ಬಾಬು ಸಾಬರ ಮುಖವನ್ನೇ ನೋಡುತ್ತ ಕೂತ. ಅವರು ಮಷಿನ್ನಿನ ಬೆನ್ನು ಸವರಿ ಕಳಿಸಿದರು.

ಅದೇ ವಾರ ಕ್ಯಾತಪ್ಪ ಮಷಿನ್ನು ಹೊತ್ತುಕೊಂಡು ವಾಪಸು ಬಂದ.

"ಕೆಟ್ಟೈತಾ?" ಅಫ್ಸರ್ ಗಾಬರಿಯಿಂದ ಕೇಳಿದ.

"ಇಲ್ಲಪ್ಪ, ಚೆನ್ನಾಗೇ ಓಡ್ತೈತೆ. ಅದೇ ನೋಡು ತೊಂದ್ರೆ." ಅವನು ಬಾಬು ಸಾಬರ ಕಡೆ ತಿರುಗಿದ. "ಯಾರೂ ಹದ ಮಾಡದ ಮಷಿನ್ನು ಕೊಯ್ಯೋ ಮರದ ಹಗ್ಗ ನಾನು ಹಿಡಿಯಲ್ಲ ಅಂತಾನೆ ತಿಪ್ಪಯ್ಯ. ಅವನ ಮಾತೂ ಸರಿ ಅನಿಸ್ತೈತೆ ಸಾಬ್ರೇ. ಮರಕ್ಕೆ ಹಿಡಿದಾಗ ಅದು ಒಳಗೊಳಗೇ ಏನೋ ಯೋಚ್ನೆ ಮಾಡ್ತೈತೆ. ಏನು ತೀರ್ಮಾನ ಮಾಡ್ತೈತೋ ನಂಗೆ ಹೆಂಗೆ ಗೊತ್ತಾಗ್ಬೇಕು?"

ಬಾಬು ಸಾಬರಿಗೆ ಅವನ ಸಂಕಟ ತಟ್ಟನೆ ಅರ್ಥವಾಯಿತು. ಅವರ ಸಂಕಟವೂ ಅದೇ ಆಗಿತ್ತು. ಎದ್ದು ಮನೆಯೊಳಗೆ ಹೋದರು. ಕುಲ್ಸುಮ್ ಬೀಯ ಕೆಟ್ಟು ನಿಂತ ಹೊಲಿಗೆ ಮಷಿನ್ನಿನಿಂದ ಒಂದು ಹಿತ್ತಾಳೆ ತಿರುಪು ಬಿಚ್ಚಿ ತಂದರು. ಹೊಸ ಮಷಿನ್ನಿನ ಮುಚ್ಚಳದ ಮೇಲೆ ಒಂದು ನಟ್ಟನ್ನು ಗಟ್ಟಿ ಗೋಂದಿನಿಂದ ಅಂಟಿಸಿ, ಒಣಗಿದ ಮೇಲೆ ಅದರೊಳಗೆ ತಿರುಪನ್ನು ಕೂರಿಸಿದರು.

"ನೋಡು ಕ್ಯಾತಪ್ಪ, ನಿಂಗೆ ಸುಳ್ಳು ಹೇಳಲ್ಲ. ಈ ತಿರುಪು ಯಾವುದಕ್ಕೂ ಸೇರಿಲ್ಲ. ಕಾಜವೇ ಇಲ್ಲದ ಅಂಗಿಗೆ ಗುಂಡಿ ಹೊಲಿದಂಗೆ ಅಷ್ಟೇ."

"ಆತು ಬಿಡ್ರಿ. ಒಂಚೂರು ಎಡಕ್ಕೆ ತಿರುಗಿಸ್ರಿ."

ಬಾಬು ಸಾಬರು ಮಷಿನ್ನು ಚಾಲೂ ಮಾಡಿ, ಕಣ್ಣು ಮುಚ್ಚಿ, ಕೂದಲೆಳೆಯಷ್ಟು ಎಡಕ್ಕೆ ತಿರುಗಿಸಿದರು. ಕ್ಯಾತಪ್ಪನ ಮುಖ ಅರಳಿತು. "ಈಗ ಬಂತು ನೋಡ್ರಿ" ಅಂದ.

ಸುದ್ದಿ ಹಬ್ಬಲು ತಡವಾಗಲಿಲ್ಲ. ಗೌರಸಮುದ್ರದವರು ಬಂದರು, ಸಿದ್ದಾಪುರದವರು ಬಂದರು. ಗಡಿಯಾಚೆ ರಾಯದುರ್ಗದ ಕಡೆಯಿಂದ ಬಂದವನೊಬ್ಬ "ಕೊಂಚೆಂ ಎಡಮಕು ತಿಪ್ಪಂಡಿ" ಎಂದು ತನ್ನ ತೆಲುಗಿನಲ್ಲೇ ಎಡಕ್ಕೆ ತಿರುಗಿಸಿಕೊಂಡು ಹೋದ. ಬಾಬು ಸಾಬರು ಪ್ರತಿಯೊಬ್ಬರಿಗೂ ಅದು ಯಾವುದಕ್ಕೂ ಸೇರಿಲ್ಲವೆಂದು ಹೇಳಿಯೇ ಹಾಕುತ್ತಿದ್ದರು. ಒಬ್ಬ ಮಾತ್ರ, "ಯಾವುದಕ್ಕೂ ಸೇರಿಲ್ಲ ಅಂದ್ರೆ ಬೇಗ ಸಡಿಲ ಆಗಲ್ವಾ?" ಎಂದು ವಿಚಾರಿಸಿದ. ಉಳಿದವರು ಅಷ್ಟನ್ನೂ ಕೇಳಲಿಲ್ಲ.

ಅಫ್ಸರನಿಗೆ ಅವಮಾನವಾಯಿತು. ತಿರುಪಿನ ದೆಸೆಯಿಂದಲೇ ವ್ಯಾಪಾರ ಏರಿತು ಎಂಬುದು ಇನ್ನೂ ದೊಡ್ಡ ಅವಮಾನ. 'ಈ ತಿರುಪಿಗೂ ಮಷಿನ್ನಿಗೂ ಯಾವ ಸಂಬಂಧವೂ ಇರುವುದಿಲ್ಲ' ಎಂದು ದಪ್ಪಕ್ಷರದಲ್ಲಿ ಬರೆಸಿ, ತಿರುಪಿನ ಚಿತ್ರದೊಂದಿಗೆ ಬೋರ್ಡು ತೂಗುಹಾಕಿದ. ಬಂದವರು ಅದನ್ನು ಪೂರ್ತಿ ಓದಿ, "ನಮಗೂ ಬೋರ್ಡಿನಾಗೆ ಐತಲ್ಲ, ಅದೇ ಹಾಕ್ರಿ" ಅಂದರು.

ಹೀಗಿರುವಾಗ ಬಿ.ಜಿ. ಕೆರೆಯಿಂದ ಬಾಬು ಸಾಬರಿಗೆ ಕರೆ ಬಂತು, ಪಂಚಾಯ್ತಿಗೆ ಬರಬೇಕೆಂದು. ಊರಿನ ಹಿರಿಯ ದೊಡ್ಡೀರಪ್ಪನ ದನದ ಕೊಟ್ಟಿಗೆಯ ಪಕ್ಕ ಒಂದು ಹಳೆಯ ಬೇವಿನ ಮರವಿತ್ತು. ಕ್ಯಾತಪ್ಪ ಅದನ್ನು ಅರ್ಧ ಕೊಯ್ದಿದ್ದ. ಮಧ್ಯಾಹ್ನ ಊಟಕ್ಕೆ ಕೂತಾಗ ಸಾರಿನೊಳಗಿನ ಮಾಂಸದ ತುಂಡುಗಳ ವಿಷಯಕ್ಕೆ ಅವನಿಗೂ ತಿಪ್ಪಯ್ಯನಿಗೂ ಮಾತು ಬೆಳೆಯಿತು. ಸಿಟ್ಟಿಗೆದ್ದ ತಿಪ್ಪಯ್ಯ ಹೋಗಿ ಮಷಿನ್ನಿನ ತಿರುಪನ್ನು ತಿರುಗಿಸಿಬಿಟ್ಟ. ಹದಗೆಟ್ಟ ಮಷಿನ್ನನ್ನು ಮರಕ್ಕೆ ಹಿಡಿಯುವುದಿಲ್ಲವೆಂದು ಕ್ಯಾತಪ್ಪ ಕೈಕಟ್ಟಿ ಕೂತ. ಅರ್ಧ ಕೊಯ್ದ ಮರ ಕೊಟ್ಟಿಗೆಯ ಕಡೆಗೇ ವಾಲಿ ನಿಂತಿತು. ದೊಡ್ಡೀರಪ್ಪ ದನಗಳನ್ನು ದೇವಸ್ಥಾನದ ಬಯಲಿಗೆ ಅಟ್ಟಿ, ಊರನ್ನೆಲ್ಲ ಅರಳಿಕಟ್ಟೆಗೆ ಸೇರಿಸಿದ್ದ.

ಬಾಬು ಸಾಬರು ಎದ್ದು ನಿಂತು, ಆ ತಿರುಪು ಯಾವುದಕ್ಕೂ ಸೇರಿಲ್ಲವೆಂದು ದೇವರಾಣೆಯಾಗಿ ಹೇಳಿದರು.

"ಸೇರೈತೋ ಬಿಟ್ಟೈತೋ ಅದು ಬೇರೆ ಮಾತು ಸಾಬ್ರೇ," ಅಂದ ದೊಡ್ಡೀರಪ್ಪ. "ತನ್ನದಲ್ಲದ ತಿರುಪನ್ನ ಅವನು ತಿರುಗಿಸಿದ್ದು ನಿಜವೋ ಸುಳ್ಳೋ?"

"ತಿರುಗಿಸೀನಿ," ಅಂದ ತಿಪ್ಪಯ್ಯ ತಲೆ ತಗ್ಗಿಸಿ. "ಅರ್ಧ ಸುತ್ತು."

"ಯಾವ ಕಡೆಗೆ?"

"ಸಿಟ್ಟಿನಾಗೆ ನೋಡ್ಲಿಲ್ಲ."

ಕಟ್ಟೆಯ ಸುತ್ತ ನಿಂತವರು ಒಟ್ಟಿಗೆ ನಿಟ್ಟುಸಿರು ಬಿಟ್ಟರು. ತಿಪ್ಪಯ್ಯ ತನ್ನನ್ನು ಸಮರ್ಥಿಸಿಕೊಳ್ಳಲು, "ಅರ್ಧ ಸುತ್ತು ಎಡಕ್ಕಾದ್ರೂ ಬಲಕ್ಕಾದ್ರೂ ತಿರುಪಿನ ಗೀರು ಬಂದು ನಿಲ್ಲೋದು ಒಂದೇ ಕಡೆ ಅಲ್ವೇನ್ರಿ?" ಅಂದ.

"ಲೇ, ಊರು ಬಿಟ್ಟೋನು ಮೂಡಲಕ್ಕೆ ಹೋದ್ರೂ ಪಡುವಲಕ್ಕೆ ಹೋದ್ರೂ ಒಂದೇ ಏನಲೇ?" ಅಂದ ದೊಡ್ಡೀರಪ್ಪ. ತಿಪ್ಪಯ್ಯ ಭಾವನ ಕಾಲು ಮುಟ್ಟಿ ತಪ್ಪಾಯಿತೆನ್ನಬೇಕು, ಸಾಬರು ತಿರುಪನ್ನು ಮೊದಲಿದ್ದ ಜಾಗಕ್ಕೇ ತಂದು ನಿಲ್ಲಿಸಬೇಕು ಎಂದು ತೀರ್ಮಾನವಾಯಿತು.

ಬಾಬು ಸಾಬರು ಮಷಿನ್ನನ್ನು ಕಟ್ಟೆಯ ಮೇಲಿಟ್ಟು ಚಾಲೂ ಮಾಡುವ ದಾರ ಎಳೆದರು. ಶಾಸ್ತ್ರಕ್ಕೆ ಒಂದಿಷ್ಟು ಆಡಿಸಿ ಸಂಜೆಯೊಳಗೆ ಚಳ್ಳಕೆರೆ ಸೇರೋಣವೆಂದುಕೊಂಡು ಕಣ್ಣು ಮುಚ್ಚಿ ತಿರುಪನ್ನು ಬಲಕ್ಕೆ ತಿರುಗಿಸಿದರು. ಮಷಿನ್ನಿನ ದನಿ ಒಡೆಯಿತು. ಗಾಳಿ ಹೆಚ್ಚಾಗಿ ಪೆಟ್ರೋಲು ಸಾಲದೆ ಬರುವ ಕೀರಲು ದನಿ ಅದು. ಅದನ್ನು ಅವರು ನಿದ್ದೆಯಲ್ಲೂ ಗುರುತಿಸಬಲ್ಲರು. ಎಡಕ್ಕೆ ತಿರುಗಿಸಿದರು. ದನಿ ದಪ್ಪವಾಯಿತು. ಗೋಂದಿನಲ್ಲಿ ಅಂಟಿಸಿದ ಆ ಹಿತ್ತಾಳೆಯ ಚೂರು ಎಲ್ಲಿಗೂ ಸೇರಿಲ್ಲವೆಂದು ಈಗತಾನೇ ಆಣೆ ಮಾಡಿದ್ದರು. ಆದರೆ ಕಿವಿಯನ್ನು ಅಲ್ಲಗಳೆಯುವುದು ಅವರಿಗೆ ಗೊತ್ತಿರಲಿಲ್ಲ. ಅರಳಿಕಟ್ಟೆಯ ಮುಂದೆ ಊರಿಗೆ ಊರೇ ಉಸಿರು ಹಿಡಿದು ನಿಂತಿರಲು ಅವರು ಮಷಿನ್ನನ್ನು ನಿಜವಾಗಿಯೂ ಟ್ಯೂನ್ ಮಾಡಿದರು. ಕಣ್ಣು ತೆರೆದಾಗ ಕ್ಯಾತಪ್ಪ ತಲೆಯಾಡಿಸುತ್ತಿದ್ದ. ತಿಪ್ಪಯ್ಯ ಹೇಳಿಸಿಕೊಳ್ಳದೆಯೇ ಹಗ್ಗ ಎತ್ತಿಕೊಂಡ. ಬೇವಿನ ಮರ ಕೊಟ್ಟಿಗೆಯ ಹೆಂಚೂ ಅಲುಗದ ಹಾಗೆ ಬಯಲ ಕಡೆಗೆ ಉರುಳಿತು.

ಮನೆಗೆ ಬಂದವರೇ, "ನನಗೆ ಕೇಳಿಸ್ತು" ಅಂದರು ಹೆಂಡತಿಗೆ.

"ಏನು ಕೇಳಿಸ್ತು?"

"ತಿರುಪು. ಯಾವುದಕ್ಕೂ ಸೇರದೇ ಇರೋದು."

ಕುಲ್ಸುಮ್ ಬೀ ಅವರನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. "ಬೆಳಿಗ್ಗೆ ಗ್ಯಾಸ್ ಮುಗಿದೈತೆ ಅಂತ ಕೂಗಿದ್ದು ಕೇಳಿಸ್ಲಿಲ್ಲ. ಅದು ಕೇಳಿಸ್ತಾ?"

ಅಫ್ಸರ್ ಇದನ್ನು ಅಲ್ಲಿಗೇ ಬಿಡಲಿಲ್ಲ. ಮರುದಿನ ಅಂಗಡಿಯ ಬಾಗಿಲಾಚೆ ಅಪ್ಪನನ್ನು ರಸ್ತೆಗೆ ಮುಖ ಮಾಡಿ ಕೂರಿಸಿ, ತಾನು ಒಳಗೆ ಹಿತ್ತಾಳೆ ತಿರುಪು ಹಾಕಿದ ಮಷಿನ್ನೊಂದನ್ನು ಓಡಿಸಿದ. ತಿರುಪನ್ನು ಬಲಕ್ಕೆ ತಿರುಗಿಸಿದ.

"ಬಲಕ್ಕೆ," ಅಂದರು ಬಾಬು ಸಾಬರು ಹೊರಗಿನಿಂದ.

ಎಡಕ್ಕೆ ತಿರುಗಿಸಿದ.

"ಎಡಕ್ಕೆ. ಜಾಸ್ತಿ ಆತು."

ಅಫ್ಸರ್ ತಿರುಪುಳಿಯನ್ನು ತಿರುಪಿನ ಮೇಲೆ ಹಿಡಿದು ಏನೂ ಮಾಡದೆ ನಿಂತ.

"ಯಾಕೆ ಸುಮ್ನೆ ನಿಂತೆ?"

ಅಫ್ಸರ್ ಮಷಿನ್ನು ಆರಿಸಿ ಹೊರಗೆ ಬಂದು ಅಪ್ಪನ ಪಕ್ಕದಲ್ಲಿ ಕೂತ. ಕಡಲೆಕಾಯಿ ಮೂಟೆಗಳ ಲಾರಿಯೊಂದು ಧೂಳೆಬ್ಬಿಸಿಕೊಂಡು ಹೋಯಿತು. "ಅಬ್ಬಾ," ಅಂದ ಕೊನೆಗೆ, "ಇದನ್ನ ಯಾರ ಹತ್ರನೂ ಹೇಳ್ಬೇಡಿ."

ಆದರೆ ತಿರುಪಿನ ಸುದ್ದಿ ಕಂಪನಿಯವರೆಗೆ ಹೋಗಿಯಾಗಿತ್ತು. ಅಲ್ಲಿಂದ ನಾಗಭೂಷಣ ಎಂಬ ಎಂಜಿನಿಯರು ಲ್ಯಾಪ್‌ಟಾಪ್ ಹಿಡಿದು ಬಂದರು. ಬಿ.ಜಿ. ಕೆರೆಯಿಂದ ಕ್ಯಾತಪ್ಪನ ಮಷಿನ್ನನ್ನೇ ತರಿಸಿ, ವೈರು ಚುಚ್ಚಿ ಪರೀಕ್ಷಿಸಿದರು. ಎಲ್ಲವೂ ಸರಿಯಿತ್ತು.

"ಈ ತಿರುಪು ಏನು ಕೆಲಸ ಮಾಡುತ್ತೆ?" ಎಂದು ಕೇಳಿದರು.

"ಏನೂ ಮಾಡಲ್ಲ ಸರ್," ಅಂದ ಅಫ್ಸರ್ ಬೇಗನೆ.

ಬಾಬು ಸಾಬರು ನೆಲ ನೋಡಿದರು. ನಾಗಭೂಷಣರು ತಿರುಪಿನ ಫೋಟೋಗಳನ್ನು ಎಲ್ಲ ಕೋನಗಳಿಂದ ತೆಗೆದುಕೊಂಡು, ಕುಲ್ಸುಮ್ ಬೀ ಬಡಿಸಿದ ಕುಷ್ಕವನ್ನು ಎರಡನೇ ಸಲವೂ ಹಾಕಿಸಿಕೊಂಡು, ಒಳ್ಳೆಯದು ಕೆಟ್ಟದ್ದು ಏನೂ ಹೇಳದೆ ಹೋದರು. ಏಜೆನ್ಸಿ ಹೋಗುತ್ತದೆಂದು ಅಫ್ಸರ್ ಒಂದು ವಾರ ಸರಿಯಾಗಿ ಉಣ್ಣಲಿಲ್ಲ.

ಏಜೆನ್ಸಿ ಹೋಗಲಿಲ್ಲ. ಬೇಸಿಗೆ ಕಳೆಯುವಷ್ಟರಲ್ಲಿ ಇನ್ನೂ ಹೊಸ ಮಾದರಿಯ ಮಷಿನ್ನುಗಳು ಬಂದವು. ಪೆಟ್ಟಿಗೆ ಬಿಚ್ಚಿದರೆ ಮುಚ್ಚಳದ ಮೇಲೆ ಬಂಗಾರದ ಬಣ್ಣದ ತಿರುಪೊಂದು ಹೊಳೆಯುತ್ತಿತ್ತು. ತಿರುಗಿಸಿದರೆ ಟಿಕ್ ಟಿಕ್ ಎನ್ನುತ್ತಿತ್ತು. ಅದು ಕಂಪನಿಯದೇ ತಿರುಪು.

ಅಷ್ಟರಲ್ಲಿ ತಿಪ್ಪಯ್ಯನಿಗೂ ಸ್ವಂತ ಮಷಿನ್ನಿನ ಆಸೆ ಬಂದಿತ್ತು. ಭಾವನನ್ನು ಜೊತೆಗೆ ಕರೆದುಕೊಂಡು ಬಂದು, ಹೊಸದನ್ನು ಮುಂದಿಟ್ಟುಕೊಂಡು ಕೂತ. ಬಂಗಾರದ ತಿರುಪನ್ನು ಅತ್ತಿತ್ತ ಆಡಿಸಿ ನೋಡಿದ.

"ಇದು ಯಾವುದಕ್ಕೆ ಸೇರೈತೆ ಅಫ್ಸರಣ್ಣ?"

"ಯಾವುದಕ್ಕೂ ಇಲ್ಲ."

"ಮತ್ತೆ ಯಾಕಿಟ್ಟವ್ರೆ?"

"ನಿಮ್ಮ ಸಮಾಧಾನಕ್ಕೆ."

ತಿಪ್ಪಯ್ಯನ ಮುಖ ಕಪ್ಪಿಟ್ಟಿತು. ಭಾವನ ಕಡೆ ನೋಡಿದ. ಕ್ಯಾತಪ್ಪ ಬಗ್ಗಿ ತಿರುಪನ್ನು ಉಗುರಿನಿಂದ ಕೆರೆದು ನೋಡಿ, "ಪ್ಲಾಸ್ಟಿಕ್ಕು" ಅಂದ. ಆಮೇಲೆ ಬೇಸರದಿಂದ, "ಅಷ್ಟು ದೊಡ್ಡ ಕಂಪನಿಯೋರು ಹಿಂಗೆ ಮೋಸ ಮಾಡಬಾರದಿತ್ತು" ಅಂದ.

"ಸಾಬ್ರೇ, ನೀವೇ ಒಂದ್ಸಲ ನೋಡ್ರಿ," ಅಂದ ತಿಪ್ಪಯ್ಯ.

ಇದೂ ಕೇಳಿಸಿಬಿಟ್ಟರೆ ತನ್ನ ತಲೆ ಕೆಟ್ಟಿದೆಯೆಂದೇ ಅರ್ಥ ಎಂದು ಬಾಬು ಸಾಬರು ಪೆಟ್ಟಿಗೆ ಬಿಚ್ಚಿದಾಗಿನಿಂದ ಹೆದರಿಕೊಂಡಿದ್ದರು. ದಾರ ಎಳೆದು, ಕಣ್ಣು ಮುಚ್ಚಿ, ಕಂಪನಿಯ ತಿರುಪನ್ನು ಎಡಕ್ಕೂ ಬಲಕ್ಕೂ ತಿರುಗಿಸಿದರು. ಟಿಕ್ ಟಿಕ್ ಬಿಟ್ಟರೆ ಬೇರೇನಿಲ್ಲ. ಮಷಿನ್ನು ಒಂದೇ ಸಮ ಓಡುತ್ತಿತ್ತು. ಇನ್ನೊಮ್ಮೆ ತಿರುಗಿಸಿ ಖಾತ್ರಿ ಮಾಡಿಕೊಂಡರು. ಅವರ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ನಗು ಮೂಡಿತು.

"ಖಾಲಿ," ಅಂದರು. "ಇದರಾಗೆ ಏನೂ ಇಲ್ಲ."

"ನಾನು ಹೇಳ್ಲಿಲ್ವಾ?" ಅಂದ ಕ್ಯಾತಪ್ಪ.

ಬಾಬು ಸಾಬರು ಇಕ್ಕಳದಿಂದ ಬಂಗಾರದ ತಿರುಪನ್ನು ಕಿತ್ತು ಪಕ್ಕಕ್ಕಿಟ್ಟರು. ಆ ಜಾಗವನ್ನು ಬಟ್ಟೆಯಿಂದ ಒರೆಸಿ, ನಟ್ಟು ಅಂಟಿಸಿ, ತಮ್ಮದೊಂದು ಹಿತ್ತಾಳೆ ತಿರುಪನ್ನು ಕೂರಿಸಿದರು. ಅದು ಯಾವುದಕ್ಕೂ ಸೇರಿಲ್ಲ ಎಂದು ತಿಪ್ಪಯ್ಯನಿಗೆ ಹೇಳಿದರು. ತಿಪ್ಪಯ್ಯ ಆಗಲಿ ಅಂದ. ಮಷಿನ್ನು ಮತ್ತೆ ಚಾಲೂ ಆಯಿತು. ತಿರುಪುಳಿ ಎಡಕ್ಕೆ ಸರಿಯಿತು, ಸ್ವಲ್ಪ ಬಲಕ್ಕೆ ಬಂತು, ನಿಂತಿತು. ಬಾಬು ಸಾಬರು ಕಣ್ಣು ತೆರೆಯುವವರಿದ್ದರು.

"ಇನ್ನೊಂಚೂರು ಬಲಕ್ಕೆ ಅಬ್ಬಾ," ಅಂದ ಅಫ್ಸರ್.

ಅವನು ಗಲ್ಲಾ ಪೆಟ್ಟಿಗೆಯ ಹಿಂದೆ ನಿಂತಿದ್ದ. ಮಾತು ಬಾಯಿಂದ ಜಾರಿದ ಮೇಲೆ ಅವನೇ ಬೆಚ್ಚಿ ಎಲ್ಲರ ಮುಖ ನೋಡಿದ. ಬಾಬು ಸಾಬರು ಕಣ್ಣು ತೆರೆಯಲಿಲ್ಲ. ತಿರುಪುಳಿಯನ್ನು ಒಂಚೂರು ಬಲಕ್ಕೆ ಸರಿಸಿದರು. ಮಗ ಹೇಳಿದ್ದು ಸರಿಯಿತ್ತು. ತಿಪ್ಪಯ್ಯ ಮಷಿನ್ನನ್ನು ಹೆಗಲಿಗೇರಿಸಿಕೊಂಡು, ಊರ ಕಡೆ ಹೋಗುವ ಮೊಳಕಾಲ್ಮೂರು ಬಸ್ಸಿಗೆ ಕೈ ಮಾಡುತ್ತ ರಸ್ತೆಗೆ ಓಡಿದ.