ಡಬ್ಬಿಗೆ ಬಿದ್ದ ಸೊನ್ನೆ

ಎಕ್ಸ್-ರೇ ಕೋಣೆಯಲ್ಲಿ ಹದಿನೆಂಟು ವರ್ಷ ಕಳೆದಿದ್ದೇನೆ. ಮೈಮೇಲೆ ಎಷ್ಟು ಕಿರಣ ಬಿತ್ತೆಂದು ಅಳೆಯಲು ನಾವು ಎದೆಗೊಂದು ಬ್ಯಾಡ್ಜ್ ಸಿಕ್ಕಿಸಿಕೊಳ್ಳಬೇಕು. ಮೂರು ತಿಂಗಳಿಗೊಮ್ಮೆ ಅದು ಲ್ಯಾಬಿಗೆ ಹೋಗಿ ವರದಿ ಬರುತ್ತದೆ. ನಮ್ಮ ಬ್ಯಾಡ್ಜ್‌ಗಳು ಮಾತ್ರ ಪಕ್ಕದ ಆಫೀಸಿನ ಬೀರುವಿನಲ್ಲಿ, ಬಿಸ್ಕತ್ ಡಬ್ಬಿಯೊಳಗೆ ತಣ್ಣಗೆ ಮಲಗಿರುತ್ತಿದ್ದವು. ಹಿಂದೊಮ್ಮೆ ಒಬ್ಬನ ವರದಿ ಜಾಸ್ತಿ ಬಂತೆಂದು ಅವನನ್ನು ಹಳೇ ಫೈಲುಗಳ ಕೋಣೆಗೆ ಹಾಕಿದ್ದರು. ಪಾಪ, ಯಂತ್ರ ಬಿಟ್ಟರೆ ಬೇರೇನೂ ಬಾರದವನು. ಅಂದಿನಿಂದ ಡಬ್ಬಿಯ ಪದ್ಧತಿ ಬಂತು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದಲ್ಲ, ಹಾಗೆ.

ನನ್ನ ಹೆಂಡತಿಯ ತಂಗಿಯನ್ನು ಇಲ್ಲಿ ಕೆಲಸಕ್ಕೆ ಸೇರಿಸಿದವನೂ ನಾನೇ. ಮೊದಲ ದಿನ ಅವಳು ಬ್ಯಾಡ್ಜ್ ಸಿಕ್ಕಿಸಿಕೊಂಡು ಬಂದಾಗ ನಗು ಬಂತು.

"ಏನಮ್ಮ, ಪದಕ ಕೊಟ್ರಾ? ತೆಗೆದು ಡಬ್ಬಿಗೆ ಹಾಕು. ನೀನಿನ್ನೂ ಕಾಯಂ ಆಗಿಲ್ಲ."

"ನಾಳೆ ನಂಗೇನಾದ್ರೂ ಆದ್ರೆ ಭಾವ?"

"ನಂಗೇನಾಗಿದೆ? ಗುಂಡುಕಲ್ಲಿನ ಹಾಗಿಲ್ವಾ?"

ಹಾಕಿದಳು. ಕೆಲಸದಲ್ಲಿ ಬಲು ಚುರುಕು. ಮೇಜಿನ ಮೇಲೆ ಒದ್ದಾಡುವ ಮಕ್ಕಳನ್ನು ಅವರ ಕಡೆಯವರೇ ಕಿರಣ ತಡೆಯುವ ಸೀಸದ ಏಪ್ರನ್ ತೊಟ್ಟು ಹಿಡಿದುಕೊಳ್ಳಬೇಕೆಂಬುದು ನಿಯಮ. ಇದ್ದದ್ದು ಒಂದೇ ಏಪ್ರನ್, ಅದೂ ಮಣಭಾರ. ಗಾಬರಿಬಿದ್ದ ತಾಯಿಗೆ ಅದನ್ನು ತೊಡಿಸಿ, ಹೀಗೆ ಹಿಡಿ ಹಾಗೆ ಹಿಡಿ ಎನ್ನುವಷ್ಟರಲ್ಲಿ ಹೊರಗೆ ಜನ ಗಲಾಟೆ ಎಬ್ಬಿಸುತ್ತಿದ್ದರು. ಹಾಗಾಗಿ ಇವಳೇ ಏಪ್ರನ್ ಇಲ್ಲದೆ ಹಿಡಿದುಬಿಡುತ್ತಿದ್ದಳು. ನಾನು ಬೇಡವೆನ್ನಲಿಲ್ಲ. ಕೆಲಸ ಬೇಗ ಮುಗಿಯುತ್ತಿತ್ತಲ್ಲ.

ಮೊನ್ನೆ ಅವಳು ಎರಡೂವರೆ ತಿಂಗಳ ಬಸಿರಿ ಎಂದು ಗೊತ್ತಾಯಿತು. ಡಾಕ್ಟರಮ್ಮ ಬ್ಯಾಡ್ಜಿನ ವರದಿ ಕೇಳಿದರು. ಅವಸರವಾಗಿ ಲ್ಯಾಬಿನಿಂದ ತರಿಸಿದ ವರದಿಯಲ್ಲಿ ಸೊನ್ನೆ ಇತ್ತು. ಏನೂ ಭಯವಿಲ್ಲ ಎಂದು ಅವರು ಬೆನ್ನು ತಟ್ಟಿ ಕಳಿಸಿದರಂತೆ.

ಅವಳು ನೇರ ನನ್ನ ಬಳಿ ಬಂದು ಕಾಗದವನ್ನು ಮುಂದಿಟ್ಟಳು. ಯಾವಾಗಲೂ ನನ್ನ ಕಾಲೆಳೆಯುವವಳು ಅಂದು ನಗಲಿಲ್ಲ.

"ಭಾವ, ಇದು ಡಬ್ಬಿಗೆ ಬಿದ್ದಿದ್ದು. ನನ್ನ ಮಗೂಗೆ ಬಿದ್ದಿದ್ದೆಷ್ಟು?"

ಹದಿನೆಂಟು ವರ್ಷದ ಅನುಭವಸ್ಥನಿಗೆ ನಾಚಿಕೆಗಿಂತ ಹೆಚ್ಚಾಗಿ ಹೆದರಿಕೆಯಾಯಿತು. ಡಬ್ಬಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಅವಳನ್ನೂ ಕರೆದುಕೊಂಡು, ವಿಕಿರಣ ಸುರಕ್ಷತೆ ನೋಡಿಕೊಳ್ಳುವ ಅಧಿಕಾರಿಯ ಹತ್ತಿರ ಹೋದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತೇನೋ. ರಿಜಿಸ್ಟರ್ ತರಿಸಿದರು, ಅಷ್ಟೇ.

"ಎಷ್ಟು ಮಕ್ಕಳನ್ನ ಹಿಡ್ಕೊಂಡಿದ್ರಿ, ಎಷ್ಟು ಹತ್ರ ನಿಂತಿದ್ರಿ ಅಂತ ನೆನಪಿಸ್ಕೊಂಡು ಹೇಳಿ. ಅಂದಾಜು ಮಾಡ್ಬಹುದು. ಬಹುಶಃ ಕಡಿಮೆನೇ ಇರುತ್ತೆ."

"ಬಹುಶಃ," ಎಂದಳು ಅವಳು.

ರಿಜಿಸ್ಟರ್ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ಇಳಿದಳು. "ಇವನು ಮೊಣಕೈ ಮುರ್ಕೊಂಡಿದ್ದ. ಇವಳು ನನ್ನ ಕೈ ಕಚ್ಚಿದ್ಲು, ಎರಡು ಸಲ ತೆಗೆದ್ವಿ." ಇನ್ನೊಂದು ಕೈ ಹೊಟ್ಟೆಯ ಮೇಲಿತ್ತು. ಒಟ್ಟು ನಲವತ್ತೊಂದು ಮಕ್ಕಳಾದವು.

ಅಧಿಕಾರಿ ಬರೆದುಕೊಂಡು ತಲೆ ಎತ್ತಿದರು.

"ಇಷ್ಟೂ ಸಲ ಗುಂಡಿ ಒತ್ತಿದ್ದು ಯಾರು?"

ಅವಳು ನನ್ನ ಕಡೆ ನೋಡಲಿಲ್ಲ.

"ನಾನೇ ಸಾರ್," ಎಂದೆ. "ಗೋಡೆ ಹಿಂದೆ ನಿಂತ್ಕೊಂಡು."