ಖಾರ ಸಪ್ಪಗಾದ ವರ್ಷ

ಏಕಸಂಬಿಯ ಬಸ್ತಿ ಗಲ್ಲಿಯಲ್ಲಿ ವರ್ಷದ ಖಾರ ಕುಟ್ಟಿಸಬೇಕೆಂದರೆ ಮೊದಲು ಜಿನಮತಿಯ ಮೂಗು ಹೂಂ ಅನ್ನಬೇಕಿತ್ತು. ಹೀಗೆಂದು ಯಾರೂ ಕೂತು ಗೊತ್ತುಮಾಡಿದ್ದಲ್ಲ. ಆಕೆಯ ಹಿತ್ತಿಲಲ್ಲಿ ದೊಡ್ಡದೊಂದು ಕಬ್ಬಿಣದ ಕಡಾಯಿ ಇತ್ತು, ಬೇವಿನ ನೆರಳಿತ್ತು, ಹೊಗೆ ಹೋಗಲು ಬಯಲಿತ್ತು. ಹೋಳಿ ಹುಣ್ಣಿಮೆ ದಾಟಿ ಬಿಸಿಲು ಏರಿತೆಂದರೆ ಗಲ್ಲಿಯ ಹೆಂಗಸರು ಒಣಮೆಣಸಿನಕಾಯಿಯ ತೊಟ್ಟು ಮುರಿದು, ಮೊರದಲ್ಲಿ ಹೊತ್ತುಕೊಂಡು ಅಲ್ಲಿಗೇ ಬರುತ್ತಿದ್ದರು. ಜಿನಮತಿ ಒಲೆಯಿಂದ ದೂರಕ್ಕೆ ಮಣೆ ಹಾಕಿಕೊಂಡು ಕೂತು, ಕಣ್ಣು ಮುಚ್ಚಿಕೊಂಡೇ, "ಇನ್ನೊಂದ್ ಸುತ್ತ ತಿರುವು" ಅಂತಲೋ, "ಇಳಸ, ಇಳಸ, ಹೊತ್ತಾಕತ್ತೈತಿ" ಅಂತಲೋ ಹೇಳುತ್ತಿದ್ದಳು. ಆಕೆ ಹೇಳಿದ ಹೊತ್ತಿಗೆ ಇಳಿಸಿದ ಖಾರಕ್ಕೆ ಮಳೆಗಾಲದಲ್ಲಿ ಹುಳ ಬೀಳುವುದಿಲ್ಲವೆಂದು ಎಲ್ಲರೂ ನಂಬಿದ್ದರು.

ಹಾಗಂತ ಎಲ್ಲರ ಪದ್ಧತಿ ಒಂದೇ ಆಗಿರಲಿಲ್ಲ. ಗಲ್ಲಿಯ ತುದಿಮನೆಯ ಸಕ್ಕುಬಾಯಿಗೆ ಉಳ್ಳಾಗಡ್ಡಿ, ಬಳ್ಳೊಳ್ಳಿ ಬೀಳದ ಖಾರ ಖಾರವೇ ಅಲ್ಲ. ಆಕೆ ಮೆಣಸಿನಕಾಯಿಯನ್ನಷ್ಟೇ ಇಲ್ಲಿ ಹುರಿದು, ಉಳಿದದ್ದನ್ನು ತನ್ನ ಮನೆಯಲ್ಲಿ ಮಾಡಿಕೊಳ್ಳುತ್ತಿದ್ದಳು. ಜೈನರಾದ ಜಿನಮತಿಯ ಮನೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಹೊಸ್ತಿಲು ದಾಟುವಂತಿರಲಿಲ್ಲ. ಅಥಣಿ ಕಡೆಯಿಂದ ಬಂದ ಲಕ್ಷ್ಮಿಬಾಯಿ, ಹುರಿಯುವುದೇ ಬೇಡ, ಚೆನ್ನಾಗಿ ಬಿಸಿಲಿಗೆ ಕಾಯಿಸಿದರೆ ಸಾಕು ಎಂದು ಪ್ರತಿ ವರ್ಷ ವಾದ ಮಾಡಿ ಪ್ರತಿ ವರ್ಷ ಸೋತು ಹುರಿಯುತ್ತಿದ್ದಳು. ಜಿನಮತಿಯ ಸ್ವಂತ ಸೊಸೆ ಮಂಗಲ ಕೊಗನೊಳ್ಳಿಯವಳು. ಅವಳ ತವರಿನಲ್ಲಿ ಖಾರಕ್ಕೆ ಒಣಕೊಬ್ಬರಿ, ಎಳ್ಳು, ಖಸಖಸಿ ಕೈತುಂಬ ಹಾಕುತ್ತಿದ್ದರು. ಮದುವೆಯಾದ ಮೊದಲ ಬೇಸಿಗೆಯಲ್ಲಿ ಅವಳು ಅದನ್ನು ಹೇಳಿದಾಗ ಜಿನಮತಿ, "ಅದ ಖಾರ ಅಲ್ಲವ್ವಾ, ಉಂಡಿ. ನಾಗರಪಂಚಮಿಗಿ ಮಾಡೂಣಂತ" ಅಂದಿದ್ದಳು.

ಒಂದು ವಿಷಯದಲ್ಲಿ ಮಾತ್ರ ಯಾರಿಗೂ ಎದುರಾಡುವ ಧೈರ್ಯವಿರಲಿಲ್ಲ. ಬ್ಯಾಡಗಿ ಕಾಯಿ ಬಣ್ಣಕ್ಕೆ, ಸಂಕೇಶ್ವರದ ಜವಾರಿ ಕಾಯಿ ಉರಿಗೆ. ಜಿನಮತಿಯ ಹಿತ್ತಿಲಲ್ಲಿ ಸಂಕೇಶ್ವರಿಯದೇ ಮೇಲುಗೈ. ಆ ಗಲ್ಲಿಗೆ ಬಂದ ಬೀಗರು ಉಂಡೆದ್ದ ಮೇಲೆ ಕೈ ತೊಳೆಯುವ ಮೊದಲು ಕಣ್ಣು ತೊಳೆಯುತ್ತಿದ್ದರು.

ಸಾವಿರದ ಒಂಬೈನೂರ ಎಂಬತ್ತೆಂಟರ ಚಳಿಗಾಲ ಮುಗಿಯುವಾಗ ಜಿನಮತಿಗೆ ಜ್ವರ ಬಂತು. ಜ್ವರ, ನೆಗಡಿ ಎಲ್ಲ ಇಳಿದು ಎದ್ದು ಓಡಾಡತೊಡಗಿದ ಮೇಲೆ ಒಂದು ದಿನ ಬೇಳೆಗೆ ಒಗ್ಗರಣೆ ಹಾಕಲು ಹಿಂಗಿನ ಡಬ್ಬಿ ತೆರೆದಳು. ವಾಸನೆಯೇ ಇಲ್ಲ. ಮೂಗಿನ ಹತ್ತಿರ ತಂದಳು. ಇಲ್ಲ. ಅಂಗಡಿಯವನು ಮೋಸ ಮಾಡಿದ್ದಾನೆಂದು ಸಿಟ್ಟುಬಂದು, ಚಿಕ್ಕೋಡಿಯ ಕೋರ್ಟಿನಲ್ಲಿ ಕಾರಕೂನನಾಗಿದ್ದ ಮಗ ಪಾರಿಸನ ಕೈಗೆ ಆ ಹಿಂಗನ್ನು ಕಾಗದದಲ್ಲಿ ಸುತ್ತಿ ಕೊಟ್ಟಳು.

"ಒಯ್ದು ಅವನ ಮುಂದ ಒಗಿ. ಸಪ್ಪನ ಹಿಂಗ ಕೊಟ್ಟಾನ."

ಸಂಜೆ ಪಾರಿಸ ಮುಖ ಗಂಟಿಕ್ಕಿಕೊಂಡು ಬಂದ.

"ಅವ್ವಾ, ಇದು ಸಪ್ಪನ ಹಿಂಗೇನ? ಬಸ್ಸಿನ್ಯಾಗ ನನ್ನ ಬಾಜೂಕ ಯಾರೂ ಕುಂದರ್ಲಿಲ್ಲ. ಕಂಡಕ್ಟರ ಹಿಂದಿನ ಸೀಟಿಗಿ ಕಳಿಸಿದ. ಅಂಗಡ್ಯಾಂವ ವಾಸನಿ ನೋಡಿ ನಕ್ಕ."

ಜಿನಮತಿ ಒಳಗೆ ಹೋಗಿ ತುಪ್ಪದ ಗಡಿಗೆ, ಉಪ್ಪಿನಕಾಯಿಯ ಭರಣಿ, ಕರ್ಪೂರದ ಡಬ್ಬಿ, ಕೊನೆಗೆ ಸೀಮೆಎಣ್ಣೆಯ ಕ್ಯಾನು, ಎಲ್ಲದರ ಬಾಯಿಗೂ ಮೂಗು ಹಿಡಿದು ನೋಡಿದಳು. ಎಲ್ಲವೂ ನೀರಿನಂತಿದ್ದವು. ನಾಲಿಗೆಗೂ ಉಪ್ಪು, ಸಿಹಿ ತುಸು ತಿಳಿಯುತ್ತಿದ್ದದ್ದು ಬಿಟ್ಟರೆ ಬೇರೇನೂ, ಖಾರದ ಉರಿ ಕೂಡ, ಗೊತ್ತಾಗುತ್ತಿರಲಿಲ್ಲ. ಮರುದಿನ ಬೆಳಿಗ್ಗೆಯೇ ಸಕ್ಕುಬಾಯಿ ಬಾಗಿಲಿಗೆ ಬಂದು, "ಅಕ್ಕಾರ, ಕಾಯಿ ಬಿಸಲಿಗಿ ಹಾಕೇನ್ರಿ. ಯಾವಾಗ ಹುರಿಯೂಣ್ರಿ?" ಎಂದು ಕೇಳಿದಳು.

ಜಿನಮತಿ ಗಂಡನನ್ನು ದನದ ಕೊಟ್ಟಿಗೆಗೆ ಕರೆದುಕೊಂಡು ಹೋದಳು. ಭೂಪಾಲ ಮಾತು ಕಡಿಮೆಯ ಮನುಷ್ಯ. ತಂಬಾಕಿನ ಹೊಲ, ಮಧ್ಯಾಹ್ನದ ನಿದ್ದೆ, ಸಂಜೆಯ ಬಸದಿ, ಇಷ್ಟೇ ಅವನ ಲೋಕ. ಹೆಂಡತಿ ಕೊಟ್ಟಿಗೆಗೆ ಕರೆದದ್ದೇ ಮೊದಲಾದ್ದರಿಂದ ಎಮ್ಮೆಗೆ ಏನೋ ಆಗಿದೆ ಅಂದುಕೊಂಡ.

"ಎಮ್ಮಿಗಲ್ರಿ, ನಂಗ. ಮೂಗ ಹೋಗೇತಿ."

ಭೂಪಾಲ ಆಕೆಯ ಮುಖ ನೋಡಿದ. "ಅಲ್ಲೇ ಐತೆಲ್ಲ."

"ವಾಸನಿ ಬರವಲ್ದ್ರಿ! ಯಾರಿಗೂ ಹೇಳಬ್ಯಾಡ್ರಿ. ಗಲ್ಲ್ಯಾಗ ಗೊತ್ತಾದ್ರ ನಾಳಿಂದ ಆ ಲಕ್ಷ್ಮಿಬಾಯಿ ಹುರೀಲಾರದ ಕುಟ್ಟಸ್ತಾಳ. ಮಂಗಲ ಕೊಬ್ಬರಿ ತಂದ ಸುರೀತಾಳ. ಈ ವರ್ಷ ನೀವಽ ನನ್ನ ಮೂಗ."

ಭೂಪಾಲನಿಗೆ ಜೀವಮಾನದಲ್ಲಿ ಯಾರೂ ಇಷ್ಟು ದೊಡ್ಡ ಜವಾಬ್ದಾರಿ ಕೊಟ್ಟಿರಲಿಲ್ಲ. ಅವನು ಒಪ್ಪಿದ. ಹಿತ್ತಿಲ ಕಟ್ಟೆಯ ಮೇಲೆ ಪೇಪರು ಹಿಡಿದು ಕೂರುವುದು, ಹದವಾದ ಕೂಡಲೆ ಒಮ್ಮೆ ಕೆಮ್ಮುವುದು ಎಂದು ತೀರ್ಮಾನವಾಯಿತು.

ಆ ತೀರ್ಮಾನ ಸಕ್ಕುಬಾಯಿಯ ಮೊದಲ ಮೊರದಲ್ಲೇ ಕೆಟ್ಟಿತು. ಸಂಕೇಶ್ವರಿ ಕಾಯಿ ಕಡಾಯಿಗೆ ಬಿದ್ದು ಘಾಟು ಎದ್ದಿದ್ದೇ ಭೂಪಾಲ ಕೆಮ್ಮಿದ. ಜಿನಮತಿ "ಇಳಸ" ಅಂದಳು. "ಈಗ ಹಾಕೇನಲ್ರಿ ಅಕ್ಕಾರ!" ಎಂದು ಸಕ್ಕುಬಾಯಿಯೂ ಕೆಮ್ಮಿದಳು. ಮಂಗಲ ಕೆಮ್ಮಿದಳು, ಲಕ್ಷ್ಮಿಬಾಯಿ ಸೀನಿದಳು, ಭೂಪಾಲ ಮತ್ತೆ ಮತ್ತೆ ಕೆಮ್ಮಿದ. ಇಡೀ ಹಿತ್ತಿಲಲ್ಲಿ ಜಿನಮತಿಯೊಬ್ಬಳು ಮಾತ್ರ ಯಾವ ಕೆಮ್ಮು ಲೆಕ್ಕಕ್ಕೆ ಹಿಡಿಯಬೇಕೆಂದು ತಿಳಿಯದೆ ಕಲ್ಲಿನಂತೆ ಕೂತಿದ್ದಳು. ಅಂಥ ಘಾಟಿನಲ್ಲೂ ಒಮ್ಮೆಯೂ ಕೆಮ್ಮದ ಆಕೆಯನ್ನು ಕಂಡು ಹೆಂಗಸರಿಗೆ ಭಕ್ತಿಯೇ ಬಂತು.

ಅಂದೇ ಸಂಜೆ ಕೆಮ್ಮು ಹೋಗಿ ಟೋಪಿ ಬಂತು. ಭೂಪಾಲನ ಬಿಳಿ ಟೋಪಿ ನೆಟ್ಟಗಿದ್ದರೆ ಇನ್ನೂ ಹುರಿಯಬೇಕು, ವಾರೆಯಾದರೆ ಹದ ಬಂದಿದೆ, ತೆಗೆದು ತೊಡೆಯ ಮೇಲಿಟ್ಟರೆ ಹೊತ್ತುತ್ತಿದೆ. ಜಿನಮತಿ ಕಣ್ಣು ಮುಚ್ಚಿದಂತೆ ಮಾಡಿ ರೆಪ್ಪೆಯ ಸಂದಿನಿಂದ ಟೋಪಿ ನೋಡುತ್ತಿದ್ದಳು. ಇದು ಚೆನ್ನಾಗಿ ನಡೆಯಿತು. ಒಂದು ಸಲ ಮಾತ್ರ ನೊಣವೊಂದು ಕಿವಿಯ ಹತ್ತಿರ ಕೂತು, ಅವನು ಅದನ್ನು ಓಡಿಸಲು ಹೋಗಿ, ಲಕ್ಷ್ಮಿಬಾಯಿಯ ಕಾಯಿ ಹುರಿಯುವ ಮೊದಲೇ ಇಳಿದವು. ಲಕ್ಷ್ಮಿಬಾಯಿಗೆ ಅದರಿಂದ ಬಹಳ ಸಂತೋಷವಾಯಿತು.

ಕಾಯಿಯ ಪ್ರಮಾಣ ಹೇಳುವ ದಿನ ಬಂದಾಗ ಭೂಪಾಲ ಸಣ್ಣಗೆ ದಾರಿ ತಪ್ಪಿದ. ಪ್ರತಿ ವರ್ಷ ಜಿನಮತಿ ಸ್ವಲ್ಪ ಖಾರ ಕುಟ್ಟಿ, ನಾಲಿಗೆಗಿಟ್ಟುಕೊಂಡು, ಆ ವರ್ಷದ ಸಂಕೇಶ್ವರಿ ಎಷ್ಟು ಹಾಕಬೇಕೆಂದು ಹೇಳುತ್ತಿದ್ದಳು. ಈ ಸಲ ಅಡುಗೆಮನೆಯ ಮೂಲೆಯಲ್ಲಿ ಗಂಡನ ಬಾಯಿಗೆ ಒಂದು ಚಿಟಿಕೆ ಹಾಕಿ, "ಹೆಂಗೈತಿ?" ಎಂದು ಕೇಳಿದಳು.

ಮದುವೆಯಾದಂದಿನಿಂದ ಭೂಪಾಲ ಆ ಖಾರವನ್ನು ಉಣ್ಣುತ್ತ ಬಂದಿದ್ದ. ಒಂದು ದಿನವೂ ಅದು ಅವನಿಗೆ ಸೇರಿರಲಿಲ್ಲ. ಅಂಗಿಯ ಜೇಬಿನಲ್ಲಿ ಬೆಲ್ಲದ ಹರಳು ಇಟ್ಟುಕೊಂಡು, ಊಟ ಮುಗಿದ ಕೂಡಲೆ ಹೊಲದ ನೆಪ ಹೇಳಿ ಹೊರಬಿದ್ದು ಬಾಯಿಗೆ ಹಾಕಿಕೊಳ್ಳುತ್ತಿದ್ದ. ಹೆಂಗೈತಿ ಎಂದು ಹೆಂಡತಿ ಕೇಳಿದ್ದು ಇದೇ ಮೊದಲು.

"ಉರಿ ಭಾಳ ಆಗೇತಿ," ಅಂದ. ಆಕೆ ನಂಬಿದ ಹಾಗೆ ಕಂಡದ್ದರಿಂದ ಇನ್ನೊಂದಿಷ್ಟು ಧೈರ್ಯ ಬಂತು. "ಈ ವರ್ಷದ ಸಂಕೇಶ್ವರಿ ಬೆಂಕಿ ಐತಿ. ಅರ್ಧಕ್ಕ ಅರ್ಧ ಕಮ್ಮಿ ಮಾಡು. ಮತ್ತ... ಒಂಚೂರ ಕೊಬ್ಬರಿ ಬಿದ್ರ ಛಲೋ ಅನಸ್ತೈತಿ."

ಜಿನಮತಿ ಹೊರಗೆ ಬಂದು ಅದನ್ನೇ ಹೇಳಿದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಂಗಲ ಮಾತ್ರ ಏನೂ ಕೇಳದೆ, ಅತ್ತೆಯ ಮನಸ್ಸು ಬದಲಾಗುವ ಮೊದಲೇ ಕೊಬ್ಬರಿ ಹೆರೆಯಲು ಕೂತಳು. ಅದರ ಜೊತೆ ಎಳ್ಳನ್ನೂ, ಯಾರೂ ನೋಡದಾಗ ಖಸಖಸಿಯನ್ನೂ ಸೇರಿಸಿದಳು.

ಖಾರ ಕುಟ್ಟುವ ಡಂಕು ಇದ್ದದ್ದು ಧರೆಪ್ಪನ ಗಿರಣಿಯಲ್ಲಿ. ಬಸ್ತಿ ಗಲ್ಲಿಯ ಪಾಳಿ ಬಂತೆಂದರೆ ಅವನು ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳುವ ರೂಢಿ. ಅಂದು ಕಬ್ಬಿಣದ ಒನಕೆಗಳು ಧಡಧಡ ಬೀಳತೊಡಗಿ ಬಹಳ ಹೊತ್ತಾದರೂ ಸಾಲಿನಲ್ಲಿ ಯಾರೂ ಸೀನಲಿಲ್ಲ. ಧರೆಪ್ಪ ಬಟ್ಟೆ ಬಿಚ್ಚಿ, ಮೂಸಿ, ಮಂಗಲಳ ಕಡೆ ತಿರುಗಿದ.

"ಯಾಕ್ರಿ ಅಕ್ಕಾ, ಬಸ್ತಿ ಗಲ್ಲ್ಯಾಗ ಯಾರಿಗರ ಆರಾಮಿಲ್ಲೇನ್ರಿ?"

ಮುಂದಿನ ಕೆಲವು ವಾರ ಭೂಪಾಲ ಬದುಕಿನಲ್ಲೇ ಕಾಣದ ಸುಖ ಕಂಡ. ಎರಡೆರಡು ರೊಟ್ಟಿ ಹೆಚ್ಚು ತಿಂದ. ಊಟದ ಮೇಲೆ ಹೊಲಕ್ಕೆ ಓಡದೆ ಪಡಸಾಲೆಯಲ್ಲೇ ಮಲಗಿದ. ಆದರೆ ಉಳಿದ ಮನೆಗಳಲ್ಲಿ ಗೊಣಗಾಟ ಎದ್ದಿತು. ಸಕ್ಕುಬಾಯಿಯ ಗಂಡ ತುಕಾರಾಮ ಕಬ್ಬು ಕಡಿಯುವ ಆಳು. ಅವನು ರೊಟ್ಟಿಯ ಮೇಲೆ ಒಂದು ಚಮಚ ಹಾಕಿಕೊಳ್ಳುವಲ್ಲಿ ಮೂರು ಹಾಕಿಕೊಂಡು, "ಇದ ಖಾರೋ ಕುಂಕುಮೋ?" ಎಂದು ಕೇಳುತ್ತಿದ್ದ. ಹೀಗೆ ಸುರಿದುಕೊಂಡರೆ ವರ್ಷದ ಖಾರ ದಸರೆಗೇ ತಳ ಕಾಣುತ್ತದೆಂದು ಲೆಕ್ಕ ಹಾಕಿ ಸಕ್ಕುಬಾಯಿ ಒಂದು ಮಧ್ಯಾಹ್ನ ಜಿನಮತಿಯ ಅಂಗಳಕ್ಕೆ ಬಂದು ನಿಂತಳು. ಸೆರಗಿನಡಿ ಸಣ್ಣದೊಂದು ಬಟ್ಟಲಿತ್ತು.

"ಅಕ್ಕಾರ, ನೀವು ಹೇಳಿದಾಂಗ ಮಾಡೇನಿ. ಮನ್ಯಾಗ ನಂಗ ಬೈಸ್ಕೊಳ್ಳೂದಾಗೇತಿ. ನೋಡ್ರಿ ಬೇಕಾದ್ರ."

ಪಡಸಾಲೆಯಲ್ಲಿದ್ದ ಭೂಪಾಲ ಎದ್ದು ಕೂತ. ಸಕ್ಕುಬಾಯಿಗೆ ಸಿಟ್ಟಿನಲ್ಲಿ ಬಳ್ಳೊಳ್ಳಿಯ ನೆನಪಿರಲಿಲ್ಲ. ನೆನಪಾಗಿ ಬಟ್ಟಲು ಹಿಂದಕ್ಕೆ ಎಳೆದುಕೊಳ್ಳುವಷ್ಟರಲ್ಲಿ ಜಿನಮತಿ ಕೈಚಾಚಿ ಅದನ್ನು ತೆಗೆದುಕೊಂಡಾಗಿತ್ತು. ಭೂಪಾಲ ಟೋಪಿ ತೆಗೆದ. ಹಾಕಿಕೊಂಡ. ಮತ್ತೆ ತೆಗೆದ. ಜಿನಮತಿ ಅವನತ್ತ ನೋಡಲಿಲ್ಲ. ಬಟ್ಟಲನ್ನು ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರೆಳೆದಳು.

"ಬರೋಬ್ಬರಿ ಐತೆಲ್ಲ ಸಕ್ಕು. ನಮ್ಮನಿದೂ ಹಿಂಗಽ ಐತಿ."

ಸಕ್ಕುಬಾಯಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಅಡುಗೆಮನೆಯ ಬಾಗಿಲಲ್ಲಿದ್ದ ಮಂಗಲಳಿಗೂ ಬಳ್ಳೊಳ್ಳಿಯ ವಾಸನೆ ಹೊಡೆಯುತ್ತಿತ್ತು.

"ಅಕ್ಕಾರ," ಸಕ್ಕುಬಾಯಿ ಮೆಲ್ಲಗೆ ಬಟ್ಟಲು ಹಿಂದಕ್ಕೆ ತೆಗೆದುಕೊಂಡಳು. "ಇದರಾಗ ಬಳ್ಳೊಳ್ಳಿ ಐತ್ರಿ. ನಿಮಗ ಗೊತ್ತಾಗ್ಲಿಲ್ಲೇನ್ರಿ?"

ಜಿನಮತಿ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಕಣ್ಣಲ್ಲಿ ನೀರು ಬಂತು. ಸಕ್ಕುಬಾಯಿ ಜಗಳ ಮರೆತು ಆಕೆಯ ಪಕ್ಕ ಕೂತಳು. ಜ್ವರ, ಹಿಂಗು, ಟೋಪಿ ಎಲ್ಲ ಹೊರಬಿತ್ತು. ಕೇಳುತ್ತ ಕೇಳುತ್ತ ಸಕ್ಕುಬಾಯಿಗೆ ಒಂದು ಪ್ರಶ್ನೆ ಉಳಿಯಿತು.

"ಅಲ್ರಿ, ಮೂಗ ನಿಮ್ದ ಹೋಗಿತ್ತ. ಸಂಕೇಶ್ವರಿ ಅರ್ಧ ಹಾಕ್ರಿ ಅಂದಾವ್ರ ಯಾರ?"

ಎಲ್ಲರೂ ಪಡಸಾಲೆಯ ಕಡೆ ತಿರುಗಿದರು. ಭೂಪಾಲ ಬರಿದಲೆಯಲ್ಲಿ ನಿಂತಿದ್ದ.

"ನಿಮ್ಮ ನಾಲಿಗೀನೂ ಹೋಗಿತ್ತೇನ್ರಿ?" ಜಿನಮತಿ ಕೇಳಿದಳು.

"ಇಲ್ಲ. ನನ್ನ ನಾಲಿಗಿ ಛಲೋನಽ ಐತಿ." ಅವನು ಜೇಬಿಗೆ ಕೈಹಾಕಿ ಬೆಲ್ಲದ ಹರಳೊಂದನ್ನು ಹೊರತೆಗೆದ. "ನಿನ್ನ ಖಾರ ನಂಗ ತಡ್ಯಾಕ ಆಗೂದಿಲ್ಲ. ಲಗ್ನ ಆದಾಗಿಂದ ಆಗಿಲ್ಲ."

"ಇಷ್ಟ ವರ್ಷ ಯಾಕ ಹೇಳ್ಲಿಲ್ಲ?"

"ನೀ ಕೇಳ್ಲಿಲ್ಲ."

ಮಂಗಲ ನಗು ತಡೆಯಲಾರದೆ ಒಳಗೆ ಓಡಿದಳು. ಜಿನಮತಿಗೆ ನಗು ಬರಲಿಲ್ಲ. ಆ ಸಂಜೆಯಿಂದ ಆಕೆ ಗಂಡನೊಡನೆ ಮಾತು ಬಿಟ್ಟಳು. ಏನಾದರೂ ಹೇಳಬೇಕಾದರೆ ಎಮ್ಮೆಗೆ ಹೇಳುತ್ತಿದ್ದಳು, ಅವನು ಕೇಳಿಸಿಕೊಳ್ಳುತ್ತಿದ್ದ. ಮೂಗು ಹೋದದ್ದಕ್ಕಿಂತ, ತಾನು ಹೆಮ್ಮೆಯಿಂದ ಬಡಿಸಿದ್ದನ್ನೆಲ್ಲ ಗಂಡ ಬೆಲ್ಲದ ಬಲದಿಂದ ನುಂಗಿದ್ದನೆಂಬುದು ಆಕೆಗೆ ಹೆಚ್ಚು ನೋವು ಕೊಟ್ಟಿತ್ತು.

ಆದರೆ ಮಳೆ ಹತ್ತಿರ ಬರುತ್ತಿತ್ತು. ಜಿನಮತಿಯೇ ಮನೆಮನೆಗೆ ಹೋದಳು. "ನನ್ನ ಮೂಗ ಹೋಗೇತಿ. ಈ ವರ್ಷ ನಾ ಹೇಳಿದ್ದ ಎಲ್ಲಾ ತಪ್ಪ. ಮತ್ತ ಕುಟ್ಟಸೂಣ. ಯಾರಿಗಿ ಹೆಂಗ ಬೇಕ ಹಂಗ ಮಾಡ್ಕೋರಿ," ಅಂದಳು. ತಪ್ಪಿಗೆ ದಂಡವಾಗಿ ಭೂಪಾಲ ಸಂಕೇಶ್ವರದ ಪೇಟೆಗೆ ಹೋಗಿ ಚೀಲ ತುಂಬ ಕಾಯಿ ತಂದ. ಬೇವಿನ ನೆರಳಲ್ಲಿ ಕೂತು ಇಡೀ ಗಲ್ಲಿಯ ಕಾಯಿಗಳ ತೊಟ್ಟು ಮುರಿದ. ಆ ಕೈಯಿಂದಲೇ ಕಣ್ಣೊರೆಸಿಕೊಂಡು ಬಾವಿಕಟ್ಟೆಗೆ ಓಡಿದಾಗ ಕೊಡಪಾನದಿಂದ ನೀರು ಹಾಕಿದವಳು ಜಿನಮತಿಯೇ. ಮಾತಾಡದೆಯೇ ಹಾಕಿದಳು, ಆದರೆ ಉರಿ ಇಳಿಯುವತನಕ ಹಾಕಿದಳು.

ಮೂಗಿನ ಅಪ್ಪಣೆ ಇಲ್ಲದ ಆ ಎರಡನೆಯ ಕುಟ್ಟಣೆಯಲ್ಲಿ ಪ್ರತಿಯೊಬ್ಬಳೂ ತನಗೆ ತೋಚಿದಂತೆ ಮಾಡಿದಳು. ಲಕ್ಷ್ಮಿಬಾಯಿ ಹೊಸ ಕಾಯಿ ಹುರಿಯಲೇ ಇಲ್ಲ. ಸಕ್ಕುಬಾಯಿ ಕಾಯಿಯ ಜೊತೆ ಬಳ್ಳೊಳ್ಳಿಯನ್ನೂ ಇಮ್ಮಡಿ ಹಾಕಿದಳು. ಧರೆಪ್ಪ ಮೂಗಿಗೆ ಎರಡು ಬಟ್ಟೆ ಕಟ್ಟಿಕೊಂಡ. ಮಂಗಲ ಮಾತ್ರ ಹಳೆಯ ಸಪ್ಪನ ಖಾರದಲ್ಲಿ ಒಂದು ಭರಣಿ ತೆಗೆದು ಮಾವನಿಗೆಂದು ಬೇರೆ ಇಟ್ಟಳು. ಜಿನಮತಿ ಅದನ್ನು ನೋಡಿಯೂ ನೋಡದಂತಿದ್ದಳು. ಮರುದಿನ ಮಧ್ಯಾಹ್ನ ಗಂಡನ ತಾಟಿಗೆ ಬಡಿಸುವಾಗ ತಾನಾಗಿಯೇ ಆ ಭರಣಿಗೆ ಚಮಚ ಹಾಕಿದಳು. ತಾಟು ಮುಂದಿಟ್ಟು, ಎಮ್ಮೆಯನ್ನು ಬಿಟ್ಟು ನೇರವಾಗಿ ಅವನನ್ನೇ ಕೇಳಿದಳು: "ಹೆಂಗಾಗೇತ್ರಿ?"

ಅಲ್ಲಿಂದ ಅದು ದಿನದ ಮಾತಾಯಿತು. ಮೂಗಿಲ್ಲದವಳು ಕೇಳಲೇಬೇಕಲ್ಲ. ಭೂಪಾಲನೂ ತುತ್ತು ಬಾಯಿಗಿಟ್ಟು, ತುಸು ಯೋಚಿಸಿ, ಹುಳಿ ಹೆಚ್ಚು, ಎಣ್ಣೆ ಕಡಿಮೆ ಎಂದು ಹೇಳುವುದನ್ನು ಕಲಿತ. ಮಾತು ಕಡಿಮೆಯ ಮನುಷ್ಯ ಬದನೆಕಾಯಿಯ ಬಗ್ಗೆ ಅಷ್ಟೊಂದು ಮಾತಾಡಬಲ್ಲನೆಂದು ಯಾರಿಗೂ ಗೊತ್ತಿರಲಿಲ್ಲ.

ಶ್ರಾವಣದ ಒಂದು ಬೆಳಿಗ್ಗೆ ಜಿನಮತಿ ಜೋಳ ಹಸನು ಮಾಡುತ್ತ ಕೂತಿದ್ದವಳು ತಲೆಯೆತ್ತಿ, "ಯಾರೋ ಶೇಂಗಾ ಹುರಿಯಾಕತ್ತಾರ" ಅಂದಳು.

ಮಂಗಲ ಮೊರ ಕೆಳಗಿಟ್ಟಳು. "ಅತ್ತಿ! ನಿಮಗ ವಾಸನಿ ಬಂತೇನ್ರಿ?"

"ಮೆಲ್ಲಕ ಮಾತಾಡು. ಎಂಟ ದಿನದಿಂದ ಬರಾಕತ್ತೈತಿ." ಜಿನಮತಿ ಪಡಸಾಲೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಮಾಮಾಗ ಹೇಳಬ್ಯಾಡ."

ಮಧ್ಯಾಹ್ನ ಭೂಪಾಲ ಕೈ ತೊಳೆದು ಕೂತ. ಜಿನಮತಿ ರೊಟ್ಟಿ, ಪಲ್ಲೆ ಬಡಿಸಿ ಎದುರಿಗೆ ಕೂತಳು.

"ಹೆಂಗಾಗೇತ್ರಿ?"

ಅವನು ಮೊದಲ ತುತ್ತು ನುಂಗಿ, ಇನ್ನೊಂದು ಬಾಯಿಗಿಟ್ಟುಕೊಂಡು, ನಿಧಾನವಾಗಿ ಅಗಿದ.

"ಉಪ್ಪ ಒಂಚೂರ ಕಮ್ಮಿ ಅನಸ್ತೈತಿ ನೋಡು."

ಉಪ್ಪು ಸರಿಯಾಗಿಯೇ ಇತ್ತು. ಜಿನಮತಿ ಎದ್ದು ಹೋಗಿ ಉಪ್ಪಿನ ಡಬ್ಬಿ ತಂದಳು.